ಟೈರ್ ತಿಂದಿದ್ದಕ್ಕೆ ಡ್ರೈವರ್ ಪಗಾರ ಮುರಿಯುವ ಮುಂಚೆ

ಭತ್ತದ ಸುಗ್ಗಿ ಬಂತೆಂದರೆ ಸಿರುಗುಪ್ಪ, ಕುರುಗೋಡು ಕಡೆಯ ಪಂಚರ್ ಅಂಗಡಿಗಳ ಮುಂದೆ ಒಂದು ಜಗಳ ತಪ್ಪಿದ್ದಲ್ಲ. ಗೂಡ್ಸ್ ಗಾಡಿಯ ಮುಂದಿನ ಟೈರ್ ಒಂದು ಅಂಚಿನಲ್ಲಿ ಪೂರಾ ಬೋಳು, ಇನ್ನೊಂದು ಅಂಚಿನಲ್ಲಿ ಹೊಸದರಂತೆ. "ಹೆಂಗ ಬೇಕೋ ಹಂಗ ಓಡಿಸ್ತೀ, ಅದಕ್ಕ ಹಿಂಗಾಗೇತಿ" ಅಂತ ಮಾಲೀಕರು. "ರೋಡ್ ಹಂಗೈತಿ ಅಣ್ಣಾ, ನಾನೇನ್ ಮಾಡ್ಲಿ" ಅಂತ ಡ್ರೈವರ್. "ಈಗಿನ ಟೈರೇ ಹಿಂಗ ಬಿಡ್ರಿ" ಅಂತ ಪಕ್ಕದಲ್ಲಿ ನಿಂತವರು. ಕೊನೆಗೆ ಹೊಸ ಟೈರ್ ಬೀಳುತ್ತದೆ, ಡ್ರೈವರ್ ಪಗಾರದಲ್ಲಿ ಒಂದಿಷ್ಟು ಮುರಿಯುತ್ತದೆ. ಕೆಲವು ತಿಂಗಳಿಗೆ ಹೊಸ ಟೈರೂ ಅದೇ ಅಂಚಿನಲ್ಲಿ ತಿಂದಿರುತ್ತದೆ.

ನಾವು ಹೇಳುವುದು ಇಷ್ಟೇ. ಟೈರ್ ಯಾಕೆ ಸವೆಯಿತು ಅನ್ನುವುದು ಟೈರಿನ ಮೇಲೇ ಬರೆದಿರುತ್ತದೆ. ಅದನ್ನು ನೋಡದೆ ಯಾರ ಮೇಲೂ ತಪ್ಪು ಹೊರಿಸಬಾರದು, ಯಾರ ಪಗಾರವನ್ನೂ ಮುರಿಯಬಾರದು.

ನೋಡುವುದು ಕಷ್ಟವಲ್ಲ. ಗಾಡಿ ನಿಲ್ಲಿಸಿ, ಒಳ ಅಂಚು, ನಡು, ಹೊರ ಅಂಚು ಮೂರನ್ನೂ ಬೇರೆಬೇರೆ ನೋಡಿ.

ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಲೋಡ್ ಜಾಸ್ತಿ. ಮುಂದಿನ ಟೈರಿನ ಒಂದೇ ಅಂಚು ತಿಂದಿದ್ದರೆ ಅಲೈನ್‌ಮೆಂಟ್ ತಪ್ಪಿರಬಹುದು, ಇಲ್ಲವೇ ಕಿಂಗ್‌ಪಿನ್, ಬೇರಿಂಗ್ ಸವೆದು ಚಕ್ರ ವಾಲಿರಬಹುದು. ಅಂಗೈಯಿಂದ ಅಡ್ಡಡ್ಡ ನಿಧಾನಕ್ಕೆ ಸವರಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಚಕ್ರಗಳು ನೇರ ಉರುಳದೆ ಅಡ್ಡ ಉಜ್ಜುತ್ತಿವೆ ಎಂದರ್ಥ. ತಂತಿ ಎದ್ದಿದ್ದರೆ ಮಾತ್ರ ಕೈ ಇಡಬೇಡಿ, ಅಂಥ ಟೈರ್ ಓಡಿಸಲೂ ಬೇಡಿ.

ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಥವಾ ಬ್ಯಾಲೆನ್ಸಿಂಗ್ ಇಲ್ಲ. ಒಂದೇ ಜಾಗದಲ್ಲಿ ಚಪ್ಪಟೆ ಆಗಿದ್ದರೆ ಬ್ರೇಕ್ ಒತ್ತಿ ಟೈರ್ ಎಳೆದ ಗುರುತು. ಇನ್ನು ಫೋರ್ ವೀಲ್ ಟ್ರ್ಯಾಕ್ಟರ್ ಇದ್ದವರು ಒಂದು ಮಾತು ನೆನಪಿಡಿ. ಗದ್ದೆಯ ಕೆಸರಿಗೆ ಹಾಕಿದ ಫೋರ್ ವೀಲನ್ನು ಡಾಂಬರ್ ರೋಡಿಗೆ ಬಂದ ಮೇಲೂ ತೆಗೆಯದಿದ್ದರೆ ಮುಂದಿನ ಟೈರ್ ಬೇಗ ತಿನ್ನುತ್ತವೆ.

ಇದು ಪಂಚರ್ ಅಂಗಡಿಯ ಲೆಕ್ಕ ಮಾತ್ರ ಅಲ್ಲ. ನಮ್ಮ ಹುಡುಗರು ಫೋನಿನಲ್ಲಿ ನೋಡುವ ರೇಸ್ ಕಾರುಗಳದ್ದೂ ಇದೇ ಲೆಕ್ಕ. ಟ್ರ್ಯಾಕಿನ ತಿರುವಿನಲ್ಲಿ ಕಾರು ವಾಲಿದಾಗ ಹೊರ ಅಂಚಿನ ಮೇಲೆ ಭಾರ ಬೀಳುತ್ತದೆ. ಅದಕ್ಕೇ ಚಕ್ರದ ಮೇಲ್ಭಾಗವನ್ನು ಸ್ವಲ್ಪ ಒಳಕ್ಕೆ ವಾಲಿಸಿ ಕೂರಿಸುತ್ತಾರೆ. ಕಡಿಮೆ ವಾಲಿಸಿದರೆ ಹೊರ ಅಂಚು ತಿನ್ನುತ್ತದೆ, ಅತಿಯಾದರೆ ಒಳ ಅಂಚು. ಹಾಗಾಗಿ ಕಾರು ಒಳಗೆ ಬಂದ ಕೂಡಲೇ ಮೆಕ್ಯಾನಿಕ್ ಟೈರಿನ ಮೂರೂ ಜಾಗದ ಬಿಸಿ ಅಳೆಯುತ್ತಾನೆ.

2013ರ ಜೂನ್ 30ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುತ್ತಿತ್ತು. ಮುಂದಿದ್ದ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಹಿಂದಿನ ಎಡ ಟೈರ್ ಸಿಡಿಯಿತು. ಅದೇ ರೇಸಿನಲ್ಲಿ ಇನ್ನೂ ಕೆಲವರ ಟೈರ್ ಹರಿದವು. ಟೈರ್ ಕೊಟ್ಟ ಪಿರೆಲ್ಲಿ ಕಂಪನಿ ಹೇಳಿದ ಕಾರಣಗಳು ಇವು: ಎಡ-ಬಲ ಅದಲುಬದಲು ಮಾಡಿ ಹಾಕಿದ್ದು, ಗಾಳಿ ಕಡಿಮೆ ಇಟ್ಟಿದ್ದು, ಚಕ್ರ ಅತಿಯಾಗಿ ವಾಲಿಸಿದ್ದು, ಟ್ರ್ಯಾಕಿನ ಚೂಪು ಅಂಚಿನ ಮೇಲೆ ಹತ್ತಿಸಿದ್ದು. ಮುಂದಿನ ರೇಸಿಗೆ ಗಾಳಿಗೆ, ಚಕ್ರದ ವಾಲಿಗೆ ಮಿತಿ ಹಾಕಿದರು. ಜೊತೆಗೆ ಕಂಪನಿ ಟೈರನ್ನೂ ಬದಲಿಸಿತು. ತಪ್ಪನ್ನು ಓಡಿಸುವವರ ತಲೆಗಷ್ಟೇ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಕೋಟಿಗಟ್ಟಲೆ ದುಡ್ಡಿನ ಕಾರಿಗೆ ಇರುವ ನ್ಯಾಯ ಭತ್ತ ಹೇರುವ ಗಾಡಿಗೂ ಇರಬೇಕಲ್ಲವೇ?

ನಮ್ಮಲ್ಲಿ ನ್ಯಾಯ ಹೀಗಿರಲಿ. ಬ್ರೇಕ್ ಎಳೆದ ಚಪ್ಪಟೆ ಗುರುತು ಇದ್ದರೆ ಮೊದಲು ಬ್ರೇಕ್ ಚೆಕ್ ಮಾಡಿಸಿ. ಬ್ರೇಕ್ ಸರಿ ಇದ್ದರೆ ಡ್ರೈವರ್ ಉತ್ತರ ಕೊಡಲಿ. ಅಲೈನ್‌ಮೆಂಟ್, ಶಾಕ್ ಅಬ್ಸಾರ್ಬರ್, ಬೇರಿಂಗ್ ಮಾಲೀಕರ ಖರ್ಚು. ಓವರ್‌ಲೋಡ್ ಹೇರಿಸಿದವರು ಯಾರೋ ಅದರ ಸವೆತವೂ ಅವರದ್ದೇ. ಹೊರ ಅಂಚು ತಿರುವಿನಲ್ಲಿ ಜೋರು ಹೊಡೆದರೂ ತಿನ್ನುತ್ತದೆ, ನಿಜ. ಆದರೆ ಅಲೈನ್‌ಮೆಂಟ್ ಚೆಕ್ ಮಾಡಿಸದೆ ಆ ಮಾತು ಎತ್ತುವ ಹಕ್ಕು ಯಾರಿಗೂ ಇಲ್ಲ.

"ಅಲೈನ್‌ಮೆಂಟಿಗೆ ಬಳ್ಳಾರಿಗೆ ಹೋದರೆ ಅರ್ಧ ದಿನದ ದುಡಿಮೆ ಹೋಯಿತು" ಎನ್ನುತ್ತಾರೆ. ಒಪ್ಪೋಣ. ಆದರೆ ಅರ್ಧ ದಿನದ ಬಾಡಿಗೆ ದೊಡ್ಡದೋ, ವರ್ಷಕ್ಕೆ ಎರಡು ಟೈರ್ ದೊಡ್ಡದೋ, ನೀವೇ ಲೆಕ್ಕ ಹಾಕಿ. ಹೇಗೂ ಕೆಲಸಕ್ಕೆ ಬಳ್ಳಾರಿಗೆ ಹೋಗುವ ದಿನವೇ ಮಾಡಿಸಬಹುದು. ದೊಡ್ಡ ಗುಂಡಿಗೆ ಬಿದ್ದು ಸ್ಟೇರಿಂಗ್ ಒಂದು ಕಡೆ ಎಳೆಯತೊಡಗಿದರೆ ಮಾತ್ರ ಕಾಯಬೇಡಿ. ಆ ಗುಂಡಿಯ ಫೋಟೋ ತೆಗೆದು ಪಂಚಾಯ್ತಿಗೋ ಲೋಕೋಪಯೋಗಿ ಇಲಾಖೆಗೋ ಅರ್ಜಿ ಕೊಡಿ. ಗುಂಡಿ ಮುಚ್ಚದವರ ಪಾಲೂ ಈ ಲೆಕ್ಕದಲ್ಲಿದೆ.

ಗಾಳಿಯ ವಿಷಯದಲ್ಲಿ ನಮ್ಮಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಒಂದು, ಬೇಸಿಗೆಗೆ ಗಾಳಿ ಕಡಿಮೆ ಇಡಬೇಕು ಎನ್ನುವುದು. ಕಡಿಮೆ ಗಾಳಿಯ ಟೈರ್ ಹೆಚ್ಚು ಮಡಚುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಬಳ್ಳಾರಿ ಬಿಸಿಲಲ್ಲಿ, ಲೋಡ್ ಹೊತ್ತಾಗ ಅದೇ ಸಿಡಿಯುವುದು. ಎರಡು, ಟೈರಿನ ಮೇಲೆ ಬರೆದಷ್ಟು ಗಾಳಿ ಹೊಡೆಸುವುದು. ಅಲ್ಲಿರುವುದು ಆ ಟೈರ್ ತಡೆಯುವ ಗರಿಷ್ಠ ಮಿತಿ. ನಿಮ್ಮ ಗಾಡಿಗೆ ಬೇಕಾದ ಲೆಕ್ಕ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಬಹಳ ಗಾಡಿಗಳಲ್ಲಿ ಡ್ರೈವರ್ ಬಾಗಿಲ ಬಳಿಯೂ ಅಂಟಿಸಿರುತ್ತಾರೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ಚೆಕ್ ಮಾಡಿ.

ಇನ್ನೊಂದು ಅಭ್ಯಾಸ ನಿಲ್ಲಬೇಕು. ಒಂದು ಅಂಚು ಬೋಳಾದ ಟೈರನ್ನು ಹಿಂದಕ್ಕೆ ಹಾಕಿ, ಹಿಂದಿನದನ್ನು ಮುಂದಕ್ಕೆ ತಂದು ಸುಮ್ಮನಾಗುವುದು. ಟೈರ್ ಬದಲಿಸುತ್ತಾ ಓಡಿಸುವುದು ಒಳ್ಳೆಯದೇ. ಆದರೆ ಕಾರಣ ಹುಡುಕದೆ ಬದಲಿಸಿದರೆ ರೋಗ ಗಾಡಿಯಲ್ಲೇ ಉಳಿಯುತ್ತದೆ, ಗುರುತು ಮಾತ್ರ ಅಳಿಸುತ್ತದೆ. ಕಾನೂನಿನ ಪ್ರಕಾರ ಕಾರು, ಗೂಡ್ಸ್ ಗಾಡಿ ಟೈರಿನ ಕಚ್ಚು 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ಬೈಕು ಮತ್ತು ಆಟೋದ್ದು 0.8. ನಡುವೆ ಎಷ್ಟೇ ಚೆನ್ನಾಗಿರಲಿ, ಅಂಚು ಬೋಳಾದ ಟೈರ್ ಮಳೆಯಲ್ಲಿ ಕೈ ಕೊಡುತ್ತದೆ. ಸುಗ್ಗಿ ಮುಗಿಸಿ ಟ್ರಾಲಿಯಲ್ಲಿ, ಗೂಡ್ಸ್ ಗಾಡಿಯಲ್ಲಿ ವಾಪಸ್ ಬರುವ ಕೂಲಿಯವರ ಜೀವ ನಿಂತಿರುವುದು ಆ ಅಂಚಿನ ಮೇಲೆ.

ಪಂಚರ್ ಅಂಗಡಿ ಅಣ್ಣಂದಿರಿಗೆ ನಮ್ಮದೊಂದು ಕೋರಿಕೆ. ಹಳೆ ಟೈರ್ ಬಿಚ್ಚಿದಾಗ ಅದನ್ನು ಹಿಂದಕ್ಕೆ ಎಸೆಯುವ ಮುಂಚೆ ಮಾಲೀಕರನ್ನೂ ಡ್ರೈವರನ್ನೂ ಕರೆದು ಎಲ್ಲಿ ತಿಂದಿದೆ ತೋರಿಸಿ. ಎರಡು ನಿಮಿಷದ ಕೆಲಸ. ಜಗಳ ಅಲ್ಲೇ ಮುಗಿಯುತ್ತದೆ, ಒಬ್ಬನ ಪಗಾರ ಉಳಿಯುತ್ತದೆ.