ಪೆನ್ ಡ್ರೈವ್ ಸಾಕ್ಷಿ ಹೇಳುವುದು ಯಾವಾಗ?

ಹಿಂದೆಲ್ಲ ವಕೀಲರ ಕಚೇರಿಯ ಮೆಟ್ಟಿಲೇರುವ ಕಕ್ಷಿದಾರನ ಬಗಲಲ್ಲಿ ಕಾಗದಪತ್ರಗಳ ಗಂಟು ಇರುತ್ತಿತ್ತು. ಈಗ ಆತ ಜೇಬಿನಿಂದ ಮೊಬೈಲ್ ತೆಗೆದು, ‘ಎಲ್ಲಾ ಇದರಲ್ಲೇ ಇದೆ ಸಾರ್’ ಎನ್ನುತ್ತಾನೆ. ಕೋರ್ಟಿಗೆ ಹೊರಡುವ ಅವಸರದಲ್ಲಿರುವ ಹಿರಿಯರು, ‘ಕಾಪಿ ಮಾಡಿಟ್ಟುಕೊಳ್ಳಪ್ಪಾ’ ಎಂದು ಆ ಫೋನನ್ನು ಕಿರಿಯ ವಕೀಲನ ಕೈಗೆ ದಾಟಿಸುತ್ತಾರೆ. ಮುಂದಿನ ಹತ್ತು ನಿಮಿಷ ಆ ಕಿರಿಯ ಮಾಡುವ ಕೆಲಸದ ಮೇಲೆ ಇಡೀ ಮೊಕದ್ದಮೆ ನಿಲ್ಲಲೂಬಹುದು, ಬೀಳಲೂಬಹುದು.

ಬಿದ್ದದ್ದಕ್ಕೆ ಪ್ರಸಿದ್ಧ ಉದಾಹರಣೆ ಕೇರಳದ್ದು. 2011ರ ವಿಧಾನಸಭಾ ಚುನಾವಣೆಯಲ್ಲಿ ಏರನಾಡು ಕ್ಷೇತ್ರದಿಂದ ಪಿ.ಕೆ. ಬಷೀರ್ ಗೆದ್ದರು. ಸೋತ ಪಿ.ವಿ. ಅನ್ವರ್, ತಮ್ಮ ಮೇಲೆ ಸುಳ್ಳು ಆರೋಪ ಹೊರಿಸಿ ಪ್ರಚಾರ ನಡೆಸಲಾಗಿದೆ ಎಂದು ದೂರಿ ಕೋರ್ಟಿಗೆ ಹೋದರು. ಭಾಷಣ, ಹಾಡು, ಘೋಷಣೆಗಳ ಧ್ವನಿಮುದ್ರಣವನ್ನು ಕಂಪ್ಯೂಟರಿಗೆ ಹಾಕಿ, ಅದರಿಂದ ಸಿ.ಡಿ. ಮಾಡಿಸಿ ಹಾಜರುಪಡಿಸಿದರು. ಆದರೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮು ಕೇಳುವ ಪ್ರಮಾಣಪತ್ರವನ್ನು ಜೊತೆಗಿಟ್ಟಿರಲಿಲ್ಲ. 2014ರ ಸೆಪ್ಟೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯ ಆ ಸಿ.ಡಿ.ಗಳನ್ನು ಪುರಾವೆಯಾಗಿ ಸ್ವೀಕರಿಸಲು ಒಪ್ಪದೆ ಮೇಲ್ಮನವಿಯನ್ನು ವಜಾ ಮಾಡಿತು. ಸಿ.ಡಿ.ಯಲ್ಲಿದ್ದ ಮಾತು ನಿಜವೋ ಸುಳ್ಳೋ ಎಂಬ ಪ್ರಶ್ನೆಯವರೆಗೂ ವಿಷಯ ಹೋಗಲೇ ಇಲ್ಲ.

2018ರಲ್ಲಿ ಇನ್ನೊಂದು ಪೀಠ, ಸಾಧನ ತನ್ನ ವಶದಲ್ಲಿಲ್ಲದವನು ಪ್ರಮಾಣಪತ್ರ ತರಬೇಕಿಲ್ಲ ಎಂದು ಪಟ್ಟು ಸಡಿಲಿಸಿತು. ಗೊಂದಲ ಬಗೆಹರಿದದ್ದು 2020ರ ಜುಲೈ 14ರಂದು, ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ ಪ್ರಕರಣದಲ್ಲಿ. 2014ರಲ್ಲಿ 296 ಮತಗಳಿಂದ ಗೆದ್ದಿದ್ದ ಅರ್ಜುನ್ ಖೋತ್ಕರ್ ಅವರ ನಾಮಪತ್ರ ಮಧ್ಯಾಹ್ನ 3 ಗಂಟೆಯ ಗಡುವು ದಾಟಿದ ಮೇಲೆ ಸಲ್ಲಿಕೆಯಾಗಿತ್ತು ಎಂಬುದು ಸೋತ ಕೈಲಾಸ್ ಗೋರಂಟ್ಯಾಲ್ ಅವರ ವಾದ. ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಚಿತ್ರೀಕರಣವೇ ಪುರಾವೆ. ಎಷ್ಟು ಸಲ ಕೇಳಿದರೂ ಅಧಿಕಾರಿಗಳು ಪ್ರಮಾಣಪತ್ರ ಕೊಡಲಿಲ್ಲ. ಪ್ರಮಾಣಪತ್ರ ಕಡ್ಡಾಯ, 2018ರ ತೀರ್ಪು ಸರಿಯಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಅರ್ಜಿದಾರರು ತಮ್ಮ ಕೈಲಾದದ್ದೆಲ್ಲ ಮಾಡಿದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ. ಖೋತ್ಕರ್ ಅವರ ಮೇಲ್ಮನವಿಯೇ ವಜಾ ಆಯಿತು. ಕೇಳಿದ ಪತ್ರಗಳ ಪ್ರತಿ ಕಡತದಲ್ಲಿದ್ದುದು ಅವರನ್ನು ಕಾಪಾಡಿತು. ಕಾನೂನು ವಿದ್ಯಾರ್ಥಿಗಳು ಈ ಎರಡೂ ತೀರ್ಪುಗಳನ್ನು ಟಿಪ್ಪಣಿಯಲ್ಲಿ ಓದುವ ಬದಲು ಪೂರ್ತಿಯಾಗಿ ಓದುವುದು ಒಳ್ಳೆಯದು. ಸರ್ವೋಚ್ಚ ನ್ಯಾಯಾಲಯದ ಜಾಲತಾಣದಲ್ಲಿ ಅವು ಪುಕ್ಕಟೆಯಾಗಿ ಸಿಗುತ್ತವೆ.

2024ರ ಜುಲೈ 1ರಿಂದ 1872ರ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 65ಬಿ ಈಗ 63ನೇ ಕಲಮು. ಪ್ರಮಾಣಪತ್ರಕ್ಕೆ ಕಾಯ್ದೆಯ ಅನುಸೂಚಿಯಲ್ಲೇ ಒಂದು ನಮೂನೆ ಕೊಟ್ಟಿದ್ದಾರೆ. ಅದರ ‘ಎ’ ಭಾಗವನ್ನು ದಾಖಲೆ ಹಾಜರುಪಡಿಸುವವರೂ ‘ಬಿ’ ಭಾಗವನ್ನು ತಜ್ಞರೂ ತುಂಬಿ ಸಹಿ ಹಾಕಬೇಕು. ಎರಡರಲ್ಲೂ ‘ಹ್ಯಾಷ್ ಮೌಲ್ಯ’ ಬರೆಯಲು ಜಾಗವಿದೆ. ಗಣಿತ, ವಿಜ್ಞಾನ ಸಾಕಪ್ಪಾ ಸಾಕು ಎಂದು ಪಿ.ಯು.ಸಿ. ಮುಗಿಸಿ ಕಾನೂನಿಗೆ ಹೋದ ಮಕ್ಕಳನ್ನು ಗಣಿತ ಇಲ್ಲಿ ಬಂದು ಹಿಡಿದುಕೊಂಡಿದೆ!

ಹ್ಯಾಷ್ ಎಂದರೆ ಕಡತದ ಬೆರಳಚ್ಚು ಎನ್ನಬಹುದು. ಫೋಟೋ, ಧ್ವನಿ, ವಿಡಿಯೋ ಯಾವುದೇ ಇರಲಿ, ಕಂಪ್ಯೂಟರಿಗೆ ಅದೊಂದು ಉದ್ದನೆಯ ಸಂಖ್ಯೆಗಳ ಸಾಲು. ಆ ಸಾಲನ್ನು ನಿಶ್ಚಿತ ಸೂತ್ರವೊಂದರಲ್ಲಿ ಹಾಯಿಸಿದಾಗ ಹೊರಬರುವ ಚಿಕ್ಕ ಮೊತ್ತವೇ ಹ್ಯಾಷ್. ಎಸ್‌ಎಚ್‌ಎ-256 ಎಂಬ ಸೂತ್ರದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, ಉತ್ತರ ಯಾವಾಗಲೂ 64 ಚಿಹ್ನೆಗಳು. ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕೆ ಬಳಸಬಹುದಾದ ‘ಸರ್ಟ್‌ಯುಟಿಲ್’ ಎಂಬ ಸಲಕರಣೆ ಮೊದಲೇ ಇರುತ್ತದೆ. ಒಂದು ಕಡತದಲ್ಲಿ ‘ಸಾಲ 1000 ರೂಪಾಯಿ’ ಎಂದು ಬರೆದು ಹ್ಯಾಷ್ ತೆಗೆಯಿರಿ. ಒಂದು ಸೊನ್ನೆ ಸೇರಿಸಿ ಮತ್ತೆ ತೆಗೆಯಿರಿ. ಎರಡು ಉತ್ತರಗಳಿಗೂ ಸಂಬಂಧವೇ ಕಾಣುವುದಿಲ್ಲ. ಆದರೆ ಕಡತದ ಹೆಸರನ್ನಷ್ಟೇ ಬದಲಿಸಿದರೆ ಹ್ಯಾಷ್ ಬದಲಾಗದು. ಈ ಲೆಕ್ಕ ನೋಡುವುದು ಒಳಗಿನ ಸರಕನ್ನು, ಮೇಲಿನ ಚೀಟಿಯನ್ನಲ್ಲ.

ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂದು ಆಯ್ಕೆಗಳಿವೆ. ಮೊದಲನೆಯದನ್ನೂ ಕೊನೆಯದನ್ನೂ ಮುಟ್ಟದಿರುವುದೇ ಲೇಸು. ಎರಡು ಬೇರೆ ಕಡತಗಳಿಗೆ ಒಂದೇ ಎಂಡಿ5 ಹ್ಯಾಷ್ ಬರುವಂತೆ ಮಾಡಬಹುದೆಂದು ಚೀನಾದ ಗಣಿತಜ್ಞೆ ವಾಂಗ್ ಶಿಯಾವೊಯುನ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಎಸ್‌ಎಚ್‌ಎ-1ಕ್ಕೂ ಅದೇ ಗತಿ ಕಾಣಿಸಿದರು. ಎದುರು ಪಕ್ಷದ ವಕೀಲರಿಗೆ ಇದು ಗೊತ್ತಿದ್ದರೆ ಪಾಟೀಸವಾಲಿನಲ್ಲಿ ಸುಮ್ಮನೆ ಬಿಟ್ಟಾರೆಯೇ?

ಈಗ ಆ ಹತ್ತು ನಿಮಿಷಕ್ಕೆ ಬರೋಣ. ಸಾಮಾನ್ಯವಾಗಿ ಕಿರಿಯರು ಮಾಡುವುದು, ‘ನನಗೆ ವಾಟ್ಸ್‌ಆ್ಯಪ್ ಮಾಡಿಬಿಡಿ’ ಎನ್ನುವುದು. ಹಾಗೆ ಕಳಿಸಿದ ವಿಡಿಯೋವನ್ನು ಆ ತಂತ್ರಾಂಶ ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಅದೇ ಚಿತ್ರ ಕಂಡರೂ ಕಡತ ಬೇರೆ, ಹ್ಯಾಷೂ ಬೇರೆ. ಫೋನಿನಿಂದ ತಂತಿಯ ಮೂಲಕ ನೇರವಾಗಿ ನಕಲು ಮಾಡಿ, ಅಲ್ಲೇ ಹ್ಯಾಷ್ ತೆಗೆದು, ದಿನಾಂಕ, ವೇಳೆ, ಫೋನಿನ ಮಾದರಿ, ಐಎಂಇಐ ಸಂಖ್ಯೆಗಳನ್ನು ಬರೆದಿಡಬೇಕು. ಮುಖ್ಯವಾಗಿ, ಫೋನು ಮಾರಬೇಡಿ, ವಿಡಿಯೋ ಅಳಿಸಬೇಡಿ ಎಂದು ಕಕ್ಷಿದಾರನಿಗೆ ಒತ್ತಿ ಹೇಳಬೇಕು. ಮೂಲ ಸಾಧನದ ಒಡೆಯನೇ ಅದನ್ನು ತಂದು ಸಾಕ್ಷಿಕಟ್ಟೆಯಲ್ಲಿ ನಿಂತು ರುಜುವಾತುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು 2020ರ ತೀರ್ಪು ಹೇಳಿದೆ. ಹೊಸ ಕಾಯ್ದೆಯಲ್ಲೂ ಅದೇ ವಾದ ನಿಲ್ಲುತ್ತದೆಂದು ನಂಬಿ ಕೂರುವುದಕ್ಕಿಂತ ನಮೂನೆ ತುಂಬಿಸಿಡುವುದು ಕ್ಷೇಮ.

ತಜ್ಞರು ಯಾರು ಎಂಬುದೇ ತೊಡಕಿನ ಪ್ರಶ್ನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ಎ ಕಲಮಿನಂತೆ ಅಧಿಸೂಚಿತರಾದ ಪರೀಕ್ಷಕರ ಪ್ರಸ್ತಾಪ 39ನೇ ಕಲಮಿನಲ್ಲಿದೆ. ಆದರೆ ‘ಬಿ’ ಭಾಗಕ್ಕೆ ಸಹಿ ಹಾಕುವವರ ಅರ್ಹತೆಯನ್ನು 63ನೇ ಕಲಮು ಬಿಡಿಸಿ ಹೇಳಿಲ್ಲ. ತಾಲ್ಲೂಕು ಕೋರ್ಟಿನ ಬಡ ಕಕ್ಷಿದಾರ ತಜ್ಞರನ್ನು ಎಲ್ಲಿಂದ ಹುಡುಕಿ ತಂದಾನು? ಶಾಸನ ಬರೆದವರು ಇದನ್ನು ಯೋಚಿಸಬೇಕಿತ್ತು.

ಆರೋಪಿಯ ಪರ ನಿಂತವರಿಗೂ ಇಲ್ಲಿ ಕೆಲಸವಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಪೊಲೀಸರು ಶೋಧ, ಜಪ್ತಿಗಳನ್ನು ವಿಡಿಯೋ ಚಿತ್ರೀಕರಿಸಬೇಕು. ಅದರ ನಕಲು ಕೈಗೆ ಬಂದಾಗ ಮೂಲ ಎಲ್ಲಿದೆ, ನಕಲು ಮಾಡಿದವರು ಯಾರು, ಹ್ಯಾಷ್ ತೆಗೆದದ್ದು ಎಂದು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. 2024ರ ಜುಲೈ 1ಕ್ಕೆ ಮುನ್ನವೇ ಬಾಕಿಯಿದ್ದ ಪ್ರಕರಣಗಳು 170ನೇ ಕಲಮಿನಂತೆ ಹಳೆಯ ಕಾಯ್ದೆಯಲ್ಲೇ ನಡೆಯುತ್ತವೆ. ಆದ್ದರಿಂದ ಹಳೆಯ ಪುಸ್ತಕವನ್ನು ಇನ್ನೂ ರದ್ದಿಗೆ ಹಾಕುವಂತಿಲ್ಲ.

ಅಂಗಡಿ, ಬ್ಯಾಂಕು, ಬಸ್ ನಿಲ್ದಾಣಗಳ ಸಿ.ಸಿ. ಕ್ಯಾಮೆರಾ ದೃಶ್ಯಗಳ ಮಾತು ಬೇರೆ. ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಕೆಲವು ವಾರ ಕಳೆದರೆ ಕೇಳಿಯೂ ಫಲವಿಲ್ಲ. ಘಟನೆಯ ದಿನ, ವೇಳೆ ನಮೂದಿಸಿ, ದೃಶ್ಯವನ್ನು ಅಳಿಸದೆ ಕಾದಿಡಿ, ಪ್ರಮಾಣಪತ್ರ ಕೊಡಿ ಎಂದು ಮೊದಲ ದಿನವೇ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆದು ಕಡತದಲ್ಲಿಡಬೇಕು. ಕೊಡದಿದ್ದರೆ ತರಿಸಿಕೊಡುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗ ಆ ಕಾಗದ ಬೇಕಾಗುತ್ತದೆ.