ಜಪಾನ್ ಡ್ಯೂಟಿ – ಭಾಗ 9: "ತಾಳ್ಮೆ ಇಲ್ಲ" ಅನ್ನೋರಿಗೆ

ಈ ಸಲ ಚೆರ್ರಿ ಹೂವಿನ ಫೋಟೋ ಇಲ್ಲ. ಸ್ವಲ್ಪ ಖಾರವಾಗಿಯೇ ಬರೀತೀನಿ, ಮನೆಯವರು ಬೇಜಾರು ಮಾಡ್ಕೋಬೇಡಿ.

ಭಾನುವಾರ ಚಿಕ್ಕಪ್ಪ ಫೋನ್ ಮಾಡಿದ್ರು. "ನಿನ್ನ ತಂಗಿ ಕೆಲಸ ಬಿಡ್ತೀನಿ ಅಂತ ಕೂತಿದ್ದಾಳೆ, ನೀನೇ ಬುದ್ಧಿ ಹೇಳಮ್ಮ" ಅಂದ್ರು. ಫ್ಯಾಮಿಲಿ ಗ್ರೂಪಲ್ಲಿ ಆಗಲೇ ತೀರ್ಪು ಬಂದಿತ್ತು: ಈಗಿನ ಹುಡುಗೀರಿಗೆ ತಾಳ್ಮೆ ಇಲ್ಲ. ಅವಳ ಹತ್ರ ಮಾತಾಡಿದೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯು ಸೇರಿ ಮೂರು ವಾರ. ಐದನೇ ದಿನಕ್ಕೇ ನೈಟ್ ಡ್ಯೂಟಿ. ಆರು ಮಕ್ಕಳು, ಇವಳೊಬ್ಬಳೇ. ಸೀನಿಯರ್ ಸಿಸ್ಟರ್ ಕೆಳಗೆ ಲೇಬರ್ ವಾರ್ಡಲ್ಲಿ. "ಏನಾದ್ರೂ ಆದ್ರೆ ಕಾಲ್ ಮಾಡು" ಅಂದು ಹೋಗಿದ್ರಂತೆ. (ಅವಳನ್ನ ಕೇಳಿಯೇ ಬರೀತಿದ್ದೀನಿ. ಆಸ್ಪತ್ರೆ ಹೆಸರು ಮಾತ್ರ ಕೇಳಬೇಡಿ.)

ಬುದ್ಧಿ ಹೇಳ್ತೀನಿ ಚಿಕ್ಕಪ್ಪ. ಆದರೆ ಅವಳಿಗಲ್ಲ.

ಒಂದು ಕೆ.ಜಿ. ತೂಕದ ಮಗುವಿನ ಮೈಯಲ್ಲಿರೋ ರಕ್ತ ಹೆಚ್ಚೂಕಡಿಮೆ 80ರಿಂದ 100 ಎಂಎಲ್. ಹೋಟೆಲಿನ ಒಂದು ಬೈಟು ಕಾಫಿಯಷ್ಟು. ಔಷಧಿ ಲೆಕ್ಕದಲ್ಲಿ ಚುಕ್ಕಿ ಒಂದು ಮನೆ ಆಚೀಚೆ ಆದರೆ ಡೋಸ್ ಹತ್ತು ಪಟ್ಟು. ತಿಂಗಳು ತುಂಬದೆ ಹುಟ್ಟಿದ ಮಗು ಕೆಲವೊಮ್ಮೆ ಉಸಿರಾಡೋದನ್ನೇ ಮರೆತುಬಿಡುತ್ತೆ. ಮುಟ್ಟಿ, ಬೆನ್ನು ಸವರಿ ನೆನಪಿಸಬೇಕು. ಒಂದೇ ಹೊತ್ತಿಗೆ ಎರಡು ಮಕ್ಕಳು ಮರೆತರೆ? ತಾಳ್ಮೆ ಎಷ್ಟಿದ್ದರೂ ಅವಳಿಗಿರೋದು ಎರಡೇ ಕೈ.

ಇದುವರೆಗೂ ಮನೇಲಿ ಹೇಳದ ಒಂದು ವಿಷಯ ಹೇಳ್ತೀನಿ. ಊರಲ್ಲಿ ನಾನೂ ಹೀಗೇ ಶುರು ಮಾಡಿದ್ದು. ಎರಡನೇ ತಿಂಗಳು, ಒಂದು ರಾತ್ರಿ, ಒಂದು ಮಗುವಿಗೆ ಆಂಬು ಬ್ಯಾಗ್ ಒತ್ತುತ್ತಾ ನಿಂತಿದ್ದೆ. ಅಷ್ಟರಲ್ಲಿ ಇನ್ನೊಂದು ಮಗುವಿನ ಡ್ರಿಪ್ ನರದಿಂದ ಹೊರಗೆ ಹರಿದು ಕೈ ಊದಿತ್ತು. ನಾನು ನೋಡೋ ಹೊತ್ತಿಗೆ ಚರ್ಮ ಕಪ್ಪಾಗಿತ್ತು. ಮಗು ಉಳೀತು, ಕೈ ಮೇಲೆ ಕಲೆಯೂ ಉಳೀತು. ಡಿಸ್ಚಾರ್ಜ್ ದಿನ ಆ ತಾಯಿ "ಚೆನ್ನಾಗಿ ನೋಡ್ಕೊಂಡ್ರಿ ಸಿಸ್ಟರ್" ಅಂತ ಕೈ ಮುಗಿದರು. ನನಗೆ ತಲೆ ಎತ್ತೋಕೆ ಆಗಲಿಲ್ಲ. ಬೈಸಿಕೊಂಡೆ, ಕಲಿತೆ, ನಿಜ. ಆದರೆ ನನ್ನ ಪಾಠಕ್ಕೆ ಫೀಸು ಕಟ್ಟಿದ್ದು ಆ ಮಗು. "ಬೈಸಿಕೊಂಡೇ ಎಲ್ಲರೂ ಕಲಿತಿದ್ದು" ಅನ್ನೋರು ಈ ಫೀಸನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಇಲ್ಲಿ ಹೇಗೆ ಅಂತ ಕೇಳ್ತೀರಿ. ಎಂಟು ವರ್ಷ ಅನುಭವ ಇತ್ತು. ಎನ್1 ಜಪಾನೀಸ್ ಪಾಸಾಗಿ, ಇಲ್ಲಿನ ನ್ಯಾಷನಲ್ ಪರೀಕ್ಷೆಯೂ ಮುಗಿಸಿ ಬಂದಿದ್ದೆ. ಆದರೂ ಏಪ್ರಿಲ್‌ನಲ್ಲಿ ಸೇರೋ ಹೊಸಬರ ಜೊತೆಗೇ ಕೂರಿಸಿದರು. ಮೊದಲ ತಿಂಗಳು ನನಗಂತಲೇ ಗೊತ್ತುಮಾಡಿದ ಸೀನಿಯರ್ ಹಿಂದೆಯೇ ಓಡಾಟ. ಔಷಧಿ ತೆಗೆಯುವಾಗ ಇಬ್ಬರು ನಿಂತು, ಬೆರಳಿಟ್ಟು ತೋರಿಸಿ, ಮಗುವಿನ ಹೆಸರು, ಔಷಧಿ, ಪ್ರಮಾಣ ಎಲ್ಲಾ ಬಾಯಿಬಿಟ್ಟು ಓದಬೇಕು. ಇಲ್ಲಿನ ರೈಲ್ವೆಯಿಂದ ಬಂದ ಅಭ್ಯಾಸ ಇದು. ಮೊದಮೊದಲು ನಗು ಬರ್ತಿತ್ತು. ಒಂದು ದಿನ ಹಾಗೆ ಓದುವಾಗಲೇ ನನ್ನ ಚುಕ್ಕಿ ತಪ್ಪು ಸಿಕ್ಕಿಬಿತ್ತು. ಆಮೇಲೆ ನಗಲಿಲ್ಲ. ಮೊದಲ ನೈಟ್ ಡ್ಯೂಟಿ ಬಂದಿದ್ದು ಮೂರು ತಿಂಗಳಾದ ಮೇಲೆ, ಅದೂ ಎಕ್ಸ್‌ಟ್ರಾ ಆಗಿ.

ಜಪಾನಿನವರೆಲ್ಲ ದೇವರಂಥವರು ಅಂತಲ್ಲ. ಇಲ್ಲೂ ಹೊಸಬರು ಲಾಕರ್ ರೂಮಲ್ಲಿ ಅಳ್ತಾರೆ. ಹತ್ತರಲ್ಲಿ ಸುಮಾರು ಒಬ್ಬರು ಮೊದಲ ವರ್ಷವೇ ಕೆಲಸ ಬಿಡ್ತಾರೆ. ವ್ಯತ್ಯಾಸ ಇರೋದು ನಿಯಮದಲ್ಲಿ. ಮೂರು ಮಕ್ಕಳಿಗೆ ಕನಿಷ್ಠ ಒಬ್ಬ ನರ್ಸ್, ಹಗಲೂ ರಾತ್ರಿ. ಇಲ್ಲದಿದ್ದರೆ ಆಸ್ಪತ್ರೆಗೆ ವಿಮೆಯಿಂದ ಎನ್‌ಐಸಿಯು ದರ ಸಿಗಲ್ಲ. ಹೊಸ ನರ್ಸ್‌ಗೆ ತರಬೇತಿ ಕೊಡೋಕೆ ಆಸ್ಪತ್ರೆ ಪ್ರಯತ್ನಿಸಬೇಕು ಅಂತ 2010ರ ಏಪ್ರಿಲ್‌ನಿಂದ ಕಾನೂನಲ್ಲೇ ಇದೆ.

"ಅವರ ಹತ್ರ ದುಡ್ಡಿದೆ, ನಮ್ಮಲ್ಲಿ ಸ್ಟಾಫ್ ಎಲ್ಲಿ?" ಅಂತೀರಾ? ನಮ್ಮ ಕಡೆ ಬೀದಿಗೊಬ್ಬಳು ನರ್ಸಿಂಗ್ ಓದಿದ ಹುಡುಗಿ ಇದ್ದಾಳೆ. ಹುಡುಗಿಯರಿಗೆ ಕೊರತೆ ಇಲ್ಲ, ಅವರನ್ನ ಇಟ್ಟುಕೊಳ್ಳೋ ಮನಸ್ಸಿಗೆ ಕೊರತೆ. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಅಂತ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಮಾಡಿದ ಸಮಿತಿ 2016ರಲ್ಲೇ ಶಿಫಾರಸು ಮಾಡಿದೆ. ತಂಗಿಯ ಸಂಬಳ ಕೇಳಿದೆ. ಅಷ್ಟೂ ಇಲ್ಲ.

ಹಾಗಾಗಿ ಚಿಕ್ಕಪ್ಪ, ಅತ್ತೆ, ಗ್ರೂಪಿನ ಎಲ್ಲಾ ಹಿರಿಯರೇ, ನಾಳೆ ನಮ್ಮದೇ ಮನೆ ಕೂಸು ಎನ್‌ಐಸಿಯು ಸೇರಿದರೆ "ಡಾಕ್ಟರ್ ಯಾರು?" ಅಂತ ಕೇಳ್ತೀರಲ್ಲ, ಜೊತೆಗೆ "ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಕ್ಕಳು?" ಅಂತಲೂ ಕೇಳಿ. ಹತ್ತು ಮನೆಯವರು ಕೇಳಿದರೆ ಮ್ಯಾನೇಜ್‌ಮೆಂಟ್ ಉತ್ತರ ಹುಡುಕಲೇಬೇಕಾಗುತ್ತೆ.

ತಂಗಿಗೆ ಹೇಳಿದ್ದು ಇಷ್ಟೇ. ನರ್ಸಿಂಗ್ ಬಿಡಬೇಡ. ರಾತ್ರಿ ಜೊತೆಗೆ ಒಬ್ಬರು ಬೇಕು ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಡು, ಒಂದು ಕಾಪಿ ನಿನ್ನ ಹತ್ರ ಇಟ್ಕೋ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ಬೈದರೂ ಸರಿ. ತಿಂಗಳಾದರೂ ಯಾರನ್ನೂ ಕೊಡದಿದ್ದರೆ ಆ ಆಸ್ಪತ್ರೆ ಬಿಡು. ಆಗ ಅವಳಿಗೆ ತಾಳ್ಮೆ ಇಲ್ಲ ಅಂತ ಯಾರಾದ್ರೂ ಅಂದ್ರೆ, ಮೊದಲು ನನಗೆ ಫೋನ್ ಮಾಡಿ. ಜಪಾನ್ ಟೈಮ್ ಮೂರೂವರೆ ಗಂಟೆ ಮುಂದೆ, ಆದರೂ ಎತ್ತುತೀನಿ.

ಇಲ್ಲಿನ ಪರೀಕ್ಷೆ ಬಗ್ಗೆ ಕೇಳಿದವರಿಗೆ ಮುಂದಿನ ಭಾಗದಲ್ಲಿ ಉತ್ತರ.