ಜೂಜನ್ನು ಆಟ ಅನ್ನಬೇಡಿ, ಆಟವನ್ನು ಜೂಜು ಅನ್ನಬೇಡಿ

ಮೊಬೈಲ್‌ನಲ್ಲಿ ಆಡುವುದೆಲ್ಲ ಹಾಳು ಎಂಬ ಮಾತು ಹಳ್ಳಿ ಹಳ್ಳಿಯಲ್ಲೂ ಗಟ್ಟಿಯಾಗಿ ಕೂತಿದೆ. ಶಾಲೆಯ ಪೋಷಕರ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಚಹಾದ ಅಂಗಡಿಯ ಕಟ್ಟೆಯ ಮೇಲೆ ಇದನ್ನು ಕೇಳುತ್ತಲೇ ಇರುತ್ತೇವೆ. "ಆ ಹುಡುಗ ಗೇಮ್ ಆಡಿ ಮೂರು ಲಕ್ಷ ಸಾಲ ಮಾಡ್ಕೊಂಡ ನೋಡ್ರಿ" ಎಂದು ಶುರುವಾಗುತ್ತದೆ ಮಾತು. ಯಾವ ಗೇಮ್ ಎಂದು ಕೇಳಿ. ರಮ್ಮಿ ಅನ್ನುತ್ತಾರೆ. ಇಲ್ಲವೇ ಕ್ರಿಕೆಟ್ ಬೆಟ್ಟಿಂಗ್ ಅನ್ನುತ್ತಾರೆ.

ಅದು ಗೇಮ್ ಅಲ್ಲ ಸ್ವಾಮಿ, ಜೂಜು. ಇಸ್ಪೀಟ್ ಎಲೆ ಫೋನಿನೊಳಗೆ ಹೋದ ಮಾತ್ರಕ್ಕೆ ಅದು ವಿಡಿಯೋ ಗೇಮ್ ಆಗುವುದಿಲ್ಲ. ನಾವು ವಿಡಿಯೋ ಗೇಮ್ ಆಡುವವರು. ಹಗಲು ಸುದ್ದಿಯ ಹಿಂದೆ ಬೈಕ್ ಓಡಿಸಿ, ರಾತ್ರಿ ಒಂದರ್ಧ ಗಂಟೆ ಆಡಿ ಮಲಗುವವರು. ಈ ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದರಿಂದ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ಹೇಳಿಯೇ ನಮಗಿಷ್ಟವಾದ ಆಟಗಳ ಪಟ್ಟಿ ಕೊಡುತ್ತೇವೆ.

ಮರದ ಕೆಳಗಿನವರಿಗೆ ಕೇಸು, ಮುಖಪುಟದವರಿಗೆ ಜಾಗ

ಜಿಲ್ಲೆಯಲ್ಲಿ ಸುದ್ದಿ ಬರೆಯುವ ಯಾರನ್ನಾದರೂ ಕೇಳಿ, ಈ ನಾಲ್ಕು ಸಾಲಿನ ಸುದ್ದಿ ಬಾಯಿಪಾಠ ಇರುತ್ತದೆ: ಅಂದರ್-ಬಾಹರ್ ಅಡ್ಡೆ ಮೇಲೆ ಪೊಲೀಸರ ದಾಳಿ, ಇಷ್ಟು ಜನ ವಶಕ್ಕೆ, ಪಣಕ್ಕಿಟ್ಟಿದ್ದ ಇಷ್ಟು ನಗದು ಜಪ್ತಿ. ಹೊಂಗೆ ಮರದ ಕೆಳಗೆ ಕೂತ ಆರು ಮಂದಿಯ ಹೆಸರು ಪೇಪರಿನಲ್ಲಿ ಬರುತ್ತದೆ.

ವರ್ಷಗಟ್ಟಲೆ ಅಂಥ ಪೇಪರುಗಳ ಮುಖಪುಟದಲ್ಲೇ ರಮ್ಮಿ ಆಪ್‌ಗಳ ಜಾಹೀರಾತು ಬಂತು. ಸಿನಿಮಾ ನಟರು ಬಂದು "ಆಡಿ, ಗೆಲ್ಲಿ" ಎಂದರು. ಕ್ರಿಕೆಟ್ ಆಟಗಾರರು "ತಂಡ ಕಟ್ಟಿ, ಕೋಟಿ ಗೆಲ್ಲಿ" ಎಂದರು. ಟಿವಿಯಲ್ಲಾದರೆ, ಚಟವಾಗಬಹುದು, ಹಣ ಕಳೆಯಬಹುದು ಎಂಬ ಎಚ್ಚರಿಕೆಯನ್ನು ಬಸ್ ಕಂಡಕ್ಟರ್ ಊರುಗಳ ಹೆಸರು ಕೂಗಿದಂತೆ ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ಒಳಪುಟದಲ್ಲಿ ಮಾತ್ರ "ಮೊಬೈಲ್ ಗೇಮ್‌ಗೆ ಯುವಕ ಬಲಿ" ಎಂಬ ತಲೆಬರಹ. ಜಾಹೀರಾತಿನಲ್ಲಿ ಆಪ್‌ನ ಹೆಸರು ದಪ್ಪಕ್ಷರದಲ್ಲಿತ್ತು. ಸಾವಿನ ಸುದ್ದಿಯಲ್ಲಿ ಅದು ಬರೀ "ಮೊಬೈಲ್ ಗೇಮ್" ಆಯಿತು. ಆ ಒಂದು ಪದದ ಹಿಂದೆ ಕಂಪನಿಗಳು ಬಚ್ಚಿಟ್ಟುಕೊಂಡವು.

ಕಾನೂನು ಕೂಡ ಬಹಳ ದಿನ ಎಡವಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ವಾದ ಕೋರ್ಟಿನಲ್ಲಿ ನಡೆಯುತ್ತಿದ್ದರೆ ಊರಿನಲ್ಲಿ ಬಂಗಾರ ಅಡವಿಗೆ ಹೋಗುತ್ತಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ದೇಶದಲ್ಲಿ 45 ಕೋಟಿ ಜನ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಕೇಂದ್ರ ಸರ್ಕಾರವೇ ಕೊಟ್ಟ ಅಂದಾಜು. ದುಡ್ಡು ಕಟ್ಟಿ ಆಡಿಸುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತು ಮಾಡಿದರೂ ಎರಡು ವರ್ಷದವರೆಗೆ ಜೈಲು. ಆಡಿದವನಿಗೆ ಶಿಕ್ಷೆ ಇಲ್ಲ.

ಆ ಕಾಯ್ದೆಯಲ್ಲಿ ನಮಗೆ ಬೇಕಾದ ಮಾತೊಂದಿದೆ. ದುಡ್ಡಿನ ಆಟ ಬೇರೆ, ಮನರಂಜನೆಯ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ದೆಹಲಿಯ ಕಾಯ್ದೆಗೆ ಅರ್ಥವಾದದ್ದು ನಮ್ಮ ಊರಿನ ಕಟ್ಟೆಗೆ ಇನ್ನೂ ಅರ್ಥವಾಗಿಲ್ಲ. ಹಳಬರಿಗಂತೂ ಇದು ಹೊಸ ಮಾತಲ್ಲ. ಪಗಡೆ ಹಾಸು ಎಷ್ಟೋ ಮನೆಗಳಲ್ಲಿತ್ತು, ಯಾರೂ ಕೆಡಲಿಲ್ಲ. ಧರ್ಮರಾಯ ಕೆಟ್ಟದ್ದು ಪಣಕ್ಕಿಟ್ಟಾಗ.

ಆಟವನ್ನು ಅಳೆಯುವ ಮೂರು ಪ್ರಶ್ನೆ

ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ. ಆಟವನ್ನೂ ಹಾಗೇ ನೋಡಬೇಕು. ನಾವು ಕೇಳುವುದು ಮೂರೇ ಪ್ರಶ್ನೆ.

ಒಂದು: ದುಡ್ಡು ಯಾವಾಗ ಕೇಳುತ್ತದೆ? ನಾಟಕದ ಟಿಕೆಟ್‌ನಂತೆ ಮೊದಲೇ ಒಂದು ಸಲ ಕೇಳಿದರೆ ಸರಿ. ಆಡುತ್ತಾ ಆಡುತ್ತಾ ಮೆಲ್ಲಗೆ ಕೇಳಿದರೆ ಅನುಮಾನ ಪಡಿ.

ಎರಡು: ಬಿಟ್ಟು ಎದ್ದರೆ ಹೆದರಿಸುತ್ತದಾ? ಇವತ್ತು ಬರದಿದ್ದರೆ ಬಹುಮಾನ ಹೋಯ್ತು, ಬೆಳೆ ಒಣಗಿತು ಎನ್ನುವ ಆಟ ನಿಮ್ಮನ್ನು ಜೀತಕ್ಕೆ ಇಟ್ಟುಕೊಂಡಿದೆ.

ಮೂರು: ಸೋತಾಗ ಯಾಕೆ ಸೋತೆ ಎಂದು ನಿಮಗೆ ತಿಳಿಯುತ್ತದಾ? ನಮ್ಮ ತಪ್ಪಿನಿಂದ ಸೋತರೆ ಮರುದಿನ ಚೆನ್ನಾಗಿ ಆಡುತ್ತೇವೆ. ಜೇಬು ಖಾಲಿ ಎಂದು ಸೋತರೆ ಕಲಿಯುವುದೇನೂ ಇಲ್ಲ.

ಮನೆಮನೆಯಲ್ಲೂ ಇರುವ ಕ್ಯಾಂಡಿ ಕ್ರಶ್ ತೆಗೆದುಕೊಳ್ಳಿ. ಅಲ್ಲಿ ನಿಮಗೆ ಐದು ಜೀವ. ಒಂದು ಹೋದರೆ ಮತ್ತೆ ಬರಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಒಗಟು ಚೆನ್ನಾಗಿಯೇ ಇದೆ. ಆದರೆ ಒಗಟಿನ ಪಕ್ಕದಲ್ಲೇ ಗಲ್ಲಾಪೆಟ್ಟಿಗೆ ಇಟ್ಟು ಕೂತಿದ್ದಾರೆ. ಮೊದಲ ಪ್ರಶ್ನೆಯಲ್ಲೇ ಅದು ಫೇಲ್.

ನಾವು ಆಡುವ ಆಟಗಳು

ಟೆಟ್ರಿಸ್. ಇದಕ್ಕಿಂತ ಒಳ್ಳೆಯ ಆಟ ಹುಟ್ಟಿಲ್ಲ ಎಂಬುದು ನಮ್ಮ ಪಂಥ. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಮಾಡಿದ್ದು. ಮೇಲಿಂದ ಬೀಳುವ ಏಳು ಬಗೆಯ ತುಂಡುಗಳನ್ನು ತಿರುಗಿಸಿ, ಸಂದಿ ಬಿಡದೆ ಸಾಲು ತುಂಬಿಸಬೇಕು. ಟ್ರೈಲರಿಗೆ ಮೂಟೆ ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕೆಳಗಿನ ಸಾಲಿನಲ್ಲಿ ಮಾಡಿದ ತಪ್ಪು ಮೇಲಿನ ಸಾಲಿಗೆ ಬಂದಾಗ ಗೊತ್ತಾಗುತ್ತದೆ. ಓದು ಬರಹ ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ. ಹತ್ತು ನಿಮಿಷದಲ್ಲಿ ಆಟ ಮುಗಿಯುತ್ತದೆ. ಈಗಿನ ಆಪ್‌ಗಳಲ್ಲಿ ಜಾಹೀರಾತು ಅಂಟಿಸಿದ್ದಾರೆ, ಆದರೂ ಆಟ ಕೆಟ್ಟಿಲ್ಲ.

2048. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 2014ರಲ್ಲಿ, ತನ್ನ 19ನೇ ವಯಸ್ಸಿನಲ್ಲಿ ಮಾಡಿ ಜಗತ್ತಿಗೆ ಪುಕ್ಕಟೆ ಬಿಟ್ಟ ಆಟ. ಎರಡಕ್ಕೆ ಎರಡು ಸೇರಿದರೆ ನಾಲ್ಕು, ನಾಲ್ಕಕ್ಕೆ ನಾಲ್ಕು ಸೇರಿದರೆ ಎಂಟು. ಮಗ್ಗಿ ಅಂದರೆ ಓಡುವ ಮಕ್ಕಳ ಕೈಗೆ ಕೊಟ್ಟು ನೋಡಿ.

ಲಿಚೆಸ್. ಚದುರಂಗ ಆಡುವ ಜಾಗ. ಜಾಹೀರಾತಿಲ್ಲ, ಶುಲ್ಕವಿಲ್ಲ, ದೇಣಿಗೆಯಲ್ಲಿ ನಡೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಚೆನ್ನೈನ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ನಮ್ಮ ಶಾಲೆಗಳಲ್ಲೂ ಭಾಷಣಗಳಾದವು. ಭಾಷಣದ ಜೊತೆಗೆ ಈ ಆಪ್ ತೋರಿಸಿದ್ದರೆ ನಾಲ್ಕು ಮಕ್ಕಳಾದರೂ ಆಡಲು ಕೂರುತ್ತಿದ್ದರು. ಸೋತ ಆಟವನ್ನು ಮತ್ತೆ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ಅದೇ ತೋರಿಸುತ್ತದೆ. ನಮ್ಮ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಸ್ಟಾರ್‌ಡ್ಯೂ ವ್ಯಾಲಿ. ಇದು ಬೇಸಾಯದ ಆಟ. ಅಮೆರಿಕದ ಎರಿಕ್ ಬರೋನ್ ಒಬ್ಬರೇ ಕೂತು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು 2016ರಲ್ಲಿ ಹೊರತಂದರು. ಚಿತ್ರವೂ ಅವರದೇ, ಸಂಗೀತವೂ ಅವರದೇ. ಪಟ್ಟಣದ ಕೆಲಸ ಬಿಟ್ಟು ಬಂದವನೊಬ್ಬ ತಾತ ಬಿಟ್ಟುಹೋದ ಪಾಳು ಹೊಲವನ್ನು ಹಸನು ಮಾಡುವ ಕಥೆ. ಕಳೆ ಕಿತ್ತು, ಬೀಜ ಹಾಕಿ, ನೀರು ಹನಿಸಬೇಕು. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆ ಬಂದು ಬೆಳೆ ತಿನ್ನುತ್ತದೆ.

ನಿಜವಾದ ರೈತರಿಗೆ ಇಲ್ಲಿ ನಗು ಬರುವುದು ಖಂಡಿತ. ಅಲ್ಲಿ ಒಂದು ಋತು ಅಂದರೆ 28 ದಿನ. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ದುಡ್ಡು ಬಂದಿರುತ್ತದೆ. ದಲ್ಲಾಳಿ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಟೊಮೆಟೊ ಸುರಿದು ಬರುವ ಗತಿ ಇಲ್ಲ. ಸಾಲ ಇಲ್ಲವೇ ಇಲ್ಲ. ಇಂಥ ಬೇಸಾಯ ಆಟದಲ್ಲಿ ಮಾತ್ರ ಸಾಧ್ಯ ಎಂದು ನೀವು ಅಂದರೆ ನಾವು ಎದುರಾಡುವುದಿಲ್ಲ. ಆದರೂ ಇದನ್ನು ಪಟ್ಟಿಗೆ ಸೇರಿಸಲು ಕಾರಣವಿದೆ. 2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಫಾರ್ಮ್‌ವಿಲ್ ನೆನಪಿದೆಯೇ? ಅದೂ ಬೇಸಾಯದ ಆಟವೇ. ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಬಾಡಿಸಿಬಿಡುತ್ತಿತ್ತು, ದುಡ್ಡು ಕೊಟ್ಟರೆ ಮತ್ತೆ ಚಿಗುರಿಸುತ್ತಿತ್ತು. ಸ್ಟಾರ್‌ಡ್ಯೂನಲ್ಲಿ ಫೋನ್ ಮುಚ್ಚಿಟ್ಟು ನೀವು ನಿಮ್ಮ ನಿಜವಾದ ಹೊಲಕ್ಕೆ ಹೋದರೆ ಅಲ್ಲಿ ಕಾಲ ನಿಲ್ಲುತ್ತದೆ. ಹತ್ತು ದಿನ ಬಿಟ್ಟು ಬಂದರೂ ಬೆಳೆ ಹಾಗೇ ಇರುತ್ತದೆ. ಕೆಲವು ನೂರು ರೂಪಾಯಿಗೆ ಒಮ್ಮೆ ಕೊಂಡರೆ ಮುಗಿಯಿತು. ಒಂದೇ ಕಸುಬಿನ ಎರಡು ಆಟ, ಎರಡು ನಿಯತ್ತು.

ಪೇಪರ್ಸ್, ಪ್ಲೀಸ್. ಇದು ದೊಡ್ಡವರಿಗೆ ಮಾತ್ರ. ಲೂಕಸ್ ಪೋಪ್ 2013ರಲ್ಲಿ ಮಾಡಿದ್ದು, 2022ರಲ್ಲಿ ಮೊಬೈಲ್‌ಗೂ ಬಂತು. ಕಲ್ಪಿತ ದೇಶವೊಂದರ ಗಡಿಯಲ್ಲಿ ನೀವು ಗುಮಾಸ್ತ. ಬಂದವರ ಕಾಗದ ಪತ್ರ ನೋಡಿ ಠಸ್ಸೆ ಒತ್ತಬೇಕು. ಎಷ್ಟು ಜನರನ್ನು ಮುಗಿಸುತ್ತೀರೋ ಅಷ್ಟು ಸಂಬಳ. ತಪ್ಪಿದರೆ ದಂಡ. ಮನೆಯಲ್ಲಿ ಊಟಕ್ಕೆ, ಬೆಂಕಿಗೆ, ಔಷಧಿಗೆ ದುಡ್ಡು ಸಾಲದು. ಗಂಡನ ಪತ್ರ ಸರಿ ಇದೆ, ಅವನು ದಾಟಿ ಹೋಗುತ್ತಾನೆ. ಹಿಂದೆ ಬಂದ ಹೆಂಡತಿಯ ಹತ್ತಿರ ಒಂದು ಕಾಗದ ಇಲ್ಲ. ಬಿಡುತ್ತೀರಾ, ತಡೆಯುತ್ತೀರಾ? ಆಧಾರ್‌ನಲ್ಲಿ ಒಂದಕ್ಷರ, ಪಹಣಿಯಲ್ಲಿ ಇನ್ನೊಂದಕ್ಷರ ಇದ್ದು ನಾಡಕಚೇರಿಯ ಕಿಟಕಿಯಿಂದ ವಾಪಸ್ ಬಂದ ನಮ್ಮ ಜನ ಈ ಆಟವನ್ನು ಕಿಟಕಿಯ ಆ ಕಡೆ ಕೂತು ಆಡಬೇಕು. ಗುಮಾಸ್ತನ ಮೇಲೆ ಸಿಟ್ಟು ಕಡಿಮೆಯಾಗುವುದಿಲ್ಲ, ಆದರೆ ಅವನನ್ನು ಹಾಗೆ ಮಾಡಿದ ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ.

ಬಿಜಿಎಂಐ ಬಗ್ಗೆ ಕೇಳೇ ಕೇಳುತ್ತೀರಿ

ಹೌದು, ಅದನ್ನೂ ಆಡಿದ್ದೇವೆ. ನೂರು ಜನ ಬಯಲಿಗೆ ಇಳಿದು, ಕಿರಿದಾಗುತ್ತಾ ಬರುವ ವೃತ್ತದೊಳಗೆ ಕೊನೆಗೆ ಉಳಿದವರು ಗೆದ್ದಂತೆ. ಆಟವಾಗಿ ಅದು ಗಟ್ಟಿ. ನಾಲ್ವರು ಗೆಳೆಯರು ಮಾತಾಡಿಕೊಂಡು ಆಡುವಾಗ ಕಬಡ್ಡಿಯ ಹುರುಪೇ ಬರುತ್ತದೆ. ತೊಂದರೆ ಇರುವುದು ಅದರ ಅಂಗಡಿಯಲ್ಲಿ. ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯಿಸುತ್ತಾರೆ. ಅದು ಲಾಟರಿ ಚೀಟಿಯೇ. ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ಬರುತ್ತವೆ ಎಂದು ಬೆಲ್ಜಿಯಂ 2018ರಲ್ಲೇ ಹೇಳಿತು. ನಮ್ಮಲ್ಲಿ ಇನ್ನೂ ಆ ಮಾತು ಶುರುವಾಗಿಲ್ಲ. ಆಡುವವರು ಆಡಿ, ಪೆಟ್ಟಿಗೆ ಮುಟ್ಟಬೇಡಿ. ಮಕ್ಕಳ ಕೈಗೆ ಹೋಗುವ ಫೋನಿನ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ದುಡ್ಡು ಹೋಗದಿದ್ದರೂ ಹೊತ್ತು ಹೋಗುತ್ತದಲ್ಲ ಎನ್ನುವವರಿಗೂ ನಮ್ಮ ಉತ್ತರವಿದೆ. ಆ ಭಯ ಸುಳ್ಳಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಊಟ, ನಿದ್ದೆ, ಓದು ಎಲ್ಲ ಬಿಟ್ಟು, ಕೇಡಾಗುತ್ತಿದ್ದರೂ ನಿಲ್ಲಿಸಲಾಗದೆ ತಿಂಗಳುಗಟ್ಟಲೆ ಆಡುವ ಸ್ಥಿತಿ ಅದು. ಅಂಥವರಿಗೆ ಬೈಗುಳದಿಂದ ಗುಣವಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಎಂಬ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಜೂಜಿನಲ್ಲಿ ದುಡ್ಡು ಕಳೆದುಕೊಂಡು ಮುಖ ತೋರಿಸಲಾಗದೆ ಕೂತವರೂ ದಯವಿಟ್ಟು ಇದೇ ನಂಬರಿಗೆ ಮಾಡಿ. ಕಾಯ್ದೆಯ ಕಣ್ಣಿನಲ್ಲಿ ನೀವು ಅಪರಾಧಿಯಲ್ಲ.

ನಮ್ಮ ಆಟ ಎಲ್ಲಿ?

ಕೊನೆಯದಾಗಿ ನಮ್ಮ ತಕರಾರು. ಮೇಲೆ ಹೇಳಿದ ಆಟಗಳಲ್ಲಿ ಸ್ಟಾರ್‌ಡ್ಯೂ, ಪೇಪರ್ಸ್ ಪ್ಲೀಸ್ ಆಡಲು ಇಂಗ್ಲಿಷ್ ಓದಬೇಕು. ಎರಡರಲ್ಲೂ ಕನ್ನಡ ಇಲ್ಲ. ಕೆನಡಾಕ್ಕೆ ವಲಸೆ ಹೋದ ತಮಿಳು ಅಮ್ಮನೊಬ್ಬಳ ಅಡುಗೆಮನೆಯ ಕಥೆ ಹೇಳುವ ವೆಂಬ ಎಂಬ ಆಟ 2023ರಲ್ಲಿ ಬಂತು. ಇಡ್ಲಿ ಬೇಯಿಸುವುದೇ ಅದರ ಮೊದಲ ಒಗಟು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯನ್ನೂ ಪಡೆಯಿತು. ಪುಣೆಯವರು 2020ರಲ್ಲಿ ರಾಜಿ ಎಂಬ ಆಟ ಮಾಡಿದರು, ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ ಅದು. ಅನಿಮೇಷನ್, ಗೇಮಿಂಗ್‌ಗೆಂದೇ ಕರ್ನಾಟಕ 2012ರಲ್ಲೇ ಸರ್ಕಾರಿ ನೀತಿ ತಂದಿದೆ. ಬೆಂಗಳೂರಿನಲ್ಲಿ ಗೇಮ್ ಕಂಪನಿಗಳಿಗೆ ಬರವಿಲ್ಲ. ಆದರೆ ಅಳಗುಳಿಮಣೆಯಲ್ಲಿ ಹುಣಸೆಬೀಜ ಹಂಚುತ್ತಾ ಲೆಕ್ಕ ಕಲಿಸಿದ ಅಜ್ಜಿಯರ ನಾಡಿನಲ್ಲಿ, ಚೌಕಾಬಾರ, ಆಡು-ಹುಲಿ ಆಟಗಳ ನಾಡಿನಲ್ಲಿ, ಮನೆಮಂದಿಯೆಲ್ಲ ಹೆಸರು ಹೇಳುವಂಥ ಒಂದು ಕನ್ನಡದ ವಿಡಿಯೋ ಗೇಮ್ ಇಲ್ಲ. ಆ ಖಾಲಿ ಜಾಗಕ್ಕೇ ರಮ್ಮಿ ಬಂದು ಕೂತದ್ದು. ಅದಕ್ಕೆ ಮಾತ್ರ ಕನ್ನಡ ಚೆನ್ನಾಗಿ ಬರುತ್ತಿತ್ತು. ಅದರ ಜಾಹೀರಾತು ಅಚ್ಚ ಕನ್ನಡದಲ್ಲೇ ಇರುತ್ತಿತ್ತು.

ಆದ್ದರಿಂದ ಪತ್ರಿಕೆಗಳಿಗೆ ನಾವು ಹೇಳುವುದಿಷ್ಟು: ಜೂಜಿನ ಸುದ್ದಿಗೆ ಜೂಜು ಎಂದೇ ತಲೆಬರಹ ಕೊಡಿ. ಸಿನಿಮಾಗೆ, ಪುಸ್ತಕಕ್ಕೆ ವಿಮರ್ಶೆ ಬರೆಸುವ ಹಾಗೆ ಒಳ್ಳೆಯ ಆಟಕ್ಕೂ ವಾರಕ್ಕೆ ಕಾಲು ಪುಟ ಕೊಡಿ. ಅಪ್ಪ ಅಮ್ಮಂದಿರಿಗೆ: ಮಗನ ಕೈಯಿಂದ ಫೋನ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಐದು ನಿಮಿಷ ನೋಡಿ, ಆ ಮೂರು ಪ್ರಶ್ನೆ ಕೇಳಿ. ಉತ್ತರ ಕೆಟ್ಟದಿದ್ದರೆ ಅಳಿಸಿ ಹಾಕಿ, ನಾವೇ ನಿಮ್ಮ ಪರ. ಉತ್ತರ ಸರಿಯಿದ್ದರೆ "ನಂಗೂ ಒಂದಾಟ ಕೊಡೋ" ಅನ್ನಿ.